ಜಯಲಕ್ಷ್ಮಿ ವಿಲಾಸ: ರಾಜಕುಮಾರಿಯ ಮನೆಗೆ ಸೋಮ ಬಂದದ್ದು

1897ರ ಫೆಬ್ರವರಿ. ಮೈಸೂರು ಅರಮನೆಯಲ್ಲಿ ಹತ್ತನೇ ಚಾಮರಾಜೇಂದ್ರ ಒಡೆಯರ ಹಿರಿಯ ಮಗಳು ಜಯಲಕ್ಷ್ಮಮ್ಮಣ್ಣಿಯವರ ಮದುವೆ. ಆ ಸಂಭ್ರಮದ ನಡುವೆಯೇ ಬೆಂಕಿ ಬಿದ್ದು ಹಳೆಯ ಮರದ ಅರಮನೆ ಸುಟ್ಟುಹೋಯಿತು. ಅದರ ಜಾಗದಲ್ಲಿ ಎದ್ದ, ಹೆನ್ರಿ ಇರ್ವಿನ್ ವಿನ್ಯಾಸದ ಈಗಿನ ಅರಮನೆಯನ್ನು ನೋಡದ ಕನ್ನಡಿಗರು ಕಡಿಮೆ. ಅದೇ ಮದುವಣಗಿತ್ತಿಗಾಗಿ ಕಟ್ಟಿದ ಮನೆಯ ಕಡೆಗೆ ಮಾತ್ರ ಅಷ್ಟು ಜನ ಹೋಗುವುದಿಲ್ಲ.

ಕುಕ್ಕರಹಳ್ಳಿ ಕೆರೆಯ ಪಶ್ಚಿಮದ ದಿಬ್ಬದ ಮೇಲೆ 1905ರಲ್ಲಿ ಈ ಮಹಲು ತಲೆಯೆತ್ತಿತು. ಖರ್ಚು ಸುಮಾರು 7 ಲಕ್ಷ ರೂಪಾಯಿ. ರಾಜಕುಮಾರಿಯ ಗಂಡ ಎಂ. ಕಾಂತರಾಜ ಅರಸ್, ಮುಂದೆ ವಿಶ್ವೇಶ್ವರಯ್ಯನವರ ನಂತರ ಮೈಸೂರಿನ ದಿವಾನರಾದವರು.

ಕೋಣೆಗಳು ನೂರಕ್ಕೂ ಹೆಚ್ಚು, ಕಿಟಕಿಗಳು ಸುಮಾರು 300. ಆದರೆ ಈ ಕಟ್ಟಡದ ಗುಣ ಲೆಕ್ಕದಲ್ಲಿ ಸಿಗುವುದಿಲ್ಲ. ಹೊರಗೆ ಕೊರಿಂಥಿಯನ್ ಕಂಬಗಳು ಜೋಡಿ ಜೋಡಿಯಾಗಿ ನಿಂತಿವೆ; ಕಂಬದ ತಲೆಯಲ್ಲಿ ಎಲೆಗಳ ಗೊಂಚಲು, ಥೇಟ್ ಯುರೋಪಿನದು. ಕತ್ತೆತ್ತಿ ಮೇಲಿನ ತ್ರಿಕೋನದ ನೆತ್ತಿ ನೋಡಿದರೆ ಅಲ್ಲಿ ಕೂತಿರುವವಳು ಗಜಲಕ್ಷ್ಮಿ. ಒಳಗಿನ ಕಲ್ಯಾಣ ಮಂಟಪದಲ್ಲಿ ಕೆತ್ತನೆಯ ಮರದ ಕಂಬಗಳು, ಬಣ್ಣದ ಗಾಜಿನ ಗುಮ್ಮಟ. ಇದನ್ನು ಬರೀ ವಿಲಾಯಿತಿಯ ನಕಲು ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಆ ಕಂಬಗಳನ್ನು ತಂದವರಿಗೆ ಬಾಗಿಲ ಮೇಲೆ ಯಾರು ಇರಬೇಕು ಎಂಬುದು ಸರಿಯಾಗಿ ಗೊತ್ತಿತ್ತು.

ರಾಜ್ಯ ಹೋದ ಮೇಲೆ ಇಂಥ ಮನೆಗಳನ್ನು ಸಾಕುವುದು ಹೇಗೆ? ಜಯಲಕ್ಷ್ಮಮ್ಮಣ್ಣಿಯವರ ತಂಗಿಯೊಬ್ಬರ ಚೆಲುವಾಂಬಾ ಮಹಲು 1950ರಲ್ಲಿ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಆಯಿತು. ಅಕ್ಕನ ಮನೆಯನ್ನು 1959ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸುಮಾರು 300 ಎಕರೆ ಜಮೀನಿನ ಸಮೇತ 10 ಲಕ್ಷ ರೂಪಾಯಿಗೆ ಕೊಂಡಿತು. ಆಗ ಕುಲಪತಿ ಕುವೆಂಪು. ಆ ನೆಲಕ್ಕೆ ‘ಮಾನಸಗಂಗೋತ್ರಿ’ ಎಂದು ಹೆಸರಿಟ್ಟವರೂ ಅವರೇ.

ಆಮೇಲೆ ನಡೆದದ್ದು ನನಗೆ ಬಹಳ ಇಷ್ಟವಾದ ಸಂಗತಿ. 1960ರ ದಶಕದ ಕೊನೆಗೆ ಇಲ್ಲಿ ಜಾನಪದ ವಸ್ತುಸಂಗ್ರಹಾಲಯ ಶುರುವಾಯಿತು. ದೇ. ಜವರೇಗೌಡ, ಜೀ.ಶಂ. ಪರಮಶಿವಯ್ಯ, ಪಿ.ಆರ್. ತಿಪ್ಪೇಸ್ವಾಮಿ ಅವರಂಥವರ ದುಡಿಮೆಯಿಂದ ನೇಗಿಲು, ಕೂರಿಗೆ, ತೊಗಲುಗೊಂಬೆ, ತಮಟೆ ಎಲ್ಲ ಹಳ್ಳಿಗಳಿಂದ ಬಂದವು. ಸೋಮನ ಕುಣಿತದ ಆ ದೊಡ್ಡ ಮರದ ಮುಖಗಳೂ ಬಂದವು. ಗ್ರಾಮದೇವತೆಯ ಮುಂದೆ ಕುಣಿಯುವ ಸೋಮ, ಕಣ್ಣರಳಿಸಿಕೊಂಡು ರಾಜಕುಮಾರಿಯ ಕೋಣೆಗೆ ಬಂದು ಕೂತ. ಮಹಲಿಗೆ ಇದಕ್ಕಿಂತ ಒಳ್ಳೆಯ ಒಕ್ಕಲು ಸಿಗುತ್ತಿರಲಿಲ್ಲ.

ಆದರೆ ವಸ್ತು ಬಂದರೆ ಸಾಲದು, ಸೂರೂ ಉಳಿಯಬೇಕಲ್ಲ. ಸುಣ್ಣದ ಗಾರೆಯ ಗೋಡೆ ತೇವ ಹೀರುತ್ತದೆ, ಬಿಸಿಲಿಗೆ ಬಿಡುತ್ತದೆ. ಬಿರುಕು ಕಂಡಲ್ಲೆಲ್ಲ ಸಿಮೆಂಟು ಮೆತ್ತಿದರೆ ನೀರು ಒಳಗೇ ನಿಂತು ಇಟ್ಟಿಗೆಯನ್ನು ಪುಡಿ ಮಾಡುತ್ತದೆ, ತೊಲೆಯ ತುದಿ ಕೊಳೆಯುತ್ತದೆ, ಗೆದ್ದಲು ಹತ್ತುತ್ತದೆ. ಹಳೆಯ ಕಟ್ಟಡಗಳು ಬೀಳುವುದು ಹೆಚ್ಚಾಗಿ ಹೀಗೆಯೇ. ಈ ಮಹಲೂ ತೀರಾ ಹದಗೆಟ್ಟಿತ್ತು. ಇನ್ಫೋಸಿಸ್ ಪ್ರತಿಷ್ಠಾನದ ಸುಮಾರು 1.17 ಕೋಟಿ ರೂಪಾಯಿ ನೆರವಿನಿಂದ ದುರಸ್ತಿಯಾಗಿ 2006ರಲ್ಲಿ ಮತ್ತೆ ತೆರೆಯಿತು. ಅಷ್ಟಾದರೂ ಮಳೆ ವರ್ಷವರ್ಷವೂ ಬರುತ್ತದೆ. ಕೆಲವು ಭಾಗಗಳು ಮತ್ತೆ ಶಿಥಿಲವಾದವು. ಬೇಕಾಗಿರುವುದು ಇಪ್ಪತ್ತು ವರ್ಷಕ್ಕೊಮ್ಮೆ ಕೋಟಿಗಟ್ಟಲೆ ಹಣವಲ್ಲ. ಪ್ರತಿ ಮುಂಗಾರಿಗೆ ಮುಂಚೆ ಏಣಿ ಹಾಕಿ ಹತ್ತಿ, ಮಳೆನೀರು ಹರಿಯುವ ದೋಣಿಯಲ್ಲಿ ತುಂಬಿದ ಎಲೆ ತೆಗೆದು, ಸೋರುವ ಜಾಗಕ್ಕೆ ಸುಣ್ಣದ ಗಾರೆಯನ್ನೇ ಕಲಸಿ ಹಾಕಬಲ್ಲ ನಾಲ್ಕು ಜನ, ಅವರಿಗೆ ಖಾಯಂ ಸಂಬಳ.