ಕುಳಿತ ಪ್ಲೇಟು ಸೋತ ಪ್ಲೇಟಲ್ಲ

ಕಾಸರಗೋಡಿನ ಕುಂಬಳೆ, ಬದಿಯಡ್ಕ, ಪೆರ್ಲದ ಕಡೆಯ ಮನೆಯಂಗಳಗಳಲ್ಲಿ ಜತನದಿಂದ ಉಳಿಸಿಕೊಂಡ ಅಂಬಾಸಡರ್ ಕಾರುಗಳು ಇಂದಿಗೂ ಕಾಣಸಿಗುತ್ತವೆ. ಅವುಗಳ ತಯಾರಿಕೆ ಪಶ್ಚಿಮ ಬಂಗಾಳದ ಉತ್ತರಪಾರಾದ ಕಾರ್ಖಾನೆಯಲ್ಲಿ 2014ರಲ್ಲೇ ನಿಂತುಹೋಗಿದೆ. ಇಂಥ ಕಾರಿನ ಹಿಂಭಾಗ ಒಂದು ಮಗ್ಗುಲಿಗೆ ವಾಲಿತೆಂದರೆ ಕೇಳಿಬರುವ ಮಾತು ಒಂದೇ: ‘ಪ್ಲೇಟಿನ ಕಸುವು ಹೋಗಿದೆ, ಇನ್ನೊಂದು ಪ್ಲೇಟು ಸೇರಿಸಿ.’ ಪ್ಲೇಟೆಂದರೆ ಕಾರಿನ ಹಿಂಭಾಗದ ಭಾರ ಹೊರುವ ಸ್ಪ್ರಿಂಗಿನ ಕಟ್ಟಿನಲ್ಲಿರುವ, ಕಮಾನಿನಂತೆ ಬಾಗಿದ ಉಕ್ಕಿನ ಪಟ್ಟಿ. ಈ ಮಾತಿನ ಮೊದಲರ್ಧವನ್ನು ಭೌತವಿಜ್ಞಾನ ಒಪ್ಪುವುದಿಲ್ಲ. ಉಳಿದರ್ಧದಿಂದ ಕಾರಿಗೆ ಕೇಡಾಗುತ್ತದೆ.

ಉಕ್ಕಿನ ಪಟ್ಟಿಯನ್ನು ಬಾಗಿಸಲು ಎಷ್ಟು ಬಲ ಬೇಕೆಂಬುದು ಅದರ ಉದ್ದ, ಅಗಲ, ದಪ್ಪ ಮತ್ತು ಉಕ್ಕಿನ ಸ್ಥಿತಿಸ್ಥಾಪಕ ಗುಣಾಂಕವನ್ನು, ಎಂದರೆ ಎಳೆತ-ಬಾಗುವಿಕೆಗೆ ಉಕ್ಕು ಒಡ್ಡುವ ಪ್ರತಿರೋಧದ ಅಳತೆಯನ್ನು, ಅವಲಂಬಿಸಿದೆ. ಪ್ರತಿ ಚದರ ಮಿಲಿಮೀಟರಿಗೆ ಸುಮಾರು 2 ಲಕ್ಷ ನ್ಯೂಟನ್ ಇರುವ ಈ ಗುಣಾಂಕ ಪರಮಾಣುಗಳ ನಡುವಿನ ಬಂಧದಿಂದಲೇ ಬರುವುದರಿಂದ, ವರ್ಷಗಳು ಉರುಳಿದರೂ, ಉಕ್ಕನ್ನು ಕಾಯಿಸಿ ತಣಿಸಿ ಹೊಸದಾಗಿ ಹದ ಕೊಟ್ಟರೂ ಅದು ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಹೇರಿದ ಬಲಕ್ಕೆ ತಕ್ಕಷ್ಟೇ ಸ್ಪ್ರಿಂಗ್ ಮಣಿಯುತ್ತದೆ ಎಂದು ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ ನಿಯಮ ಹಳೆಯ ಪ್ಲೇಟಿಗೂ ಹೊಸದಕ್ಕೂ ಒಂದೇ ರೀತಿ ಅನ್ವಯಿಸುತ್ತದೆ. ಮಿತಿಮೀರಿದ ಹೊರೆಯಿಂದ ಬದಲಾಗುವುದು ಕಮಾನಿನ ಆಕಾರ: ಪ್ಲೇಟು ಮೊದಲಿನ ಬಾಗಿಗೆ ಮರಳದೆ ಕುಳಿತುಬಿಡುತ್ತದೆ.

ಇದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಪ್ಲೇಟುಗಳು ಒಂದಕ್ಕೊಂದು ಕಚ್ಚಿಕೊಂಡದ್ದು ಬಿಡುವಂತೆ ಹಿಂಭಾಗವನ್ನು ನಾಲ್ಕಾರು ಸಲ ಅದುಮಿ ಬಿಟ್ಟು, ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಎರಡೂ ಬದಿಗಳಲ್ಲಿ ಅಳೆಯಬೇಕು. ಬಳಿಕ ಡಿಕ್ಕಿಯ ನಟ್ಟನಡುವೆ ಎರಡು ಅಡಿಕೆ ಮೂಟೆಗಳನ್ನಿಟ್ಟು ಮತ್ತೆ ಅದುಮಿ ಬಿಟ್ಟು ಅಳೆಯಬೇಕು. ಎರಡೂ ಬದಿ ಒಂದೇ ಪ್ರಮಾಣದಲ್ಲಿ ತಗ್ಗಿದರೆ ವಾಲಿದ ಬದಿಯ ಪ್ಲೇಟು ಕುಳಿತಿದೆ, ಅಷ್ಟೆ. ಆ ಬದಿ ಹೆಚ್ಚು ತಗ್ಗಿದರೆ ಒಂದೋ ಪ್ಲೇಟು ತುಂಡಾಗಿದೆ, ಇಲ್ಲವೇ ತುಕ್ಕಿನಿಂದ ಸವೆದಿದೆ.

ಸವೆತವನ್ನು ಹಗುರವಾಗಿ ಕಾಣಬಾರದು. ಬಿಗುಪು, ಎಂದರೆ ಬಾಗದಂತೆ ತಡೆಯುವ ಗುಣ, ದಪ್ಪದ ಘನಕ್ಕೆ (ದಪ್ಪ × ದಪ್ಪ × ದಪ್ಪ) ಅನುಗುಣವಾಗಿರುವುದರಿಂದ, 6 ಮಿಲಿಮೀಟರ್ ಪ್ಲೇಟು 5.4ಕ್ಕೆ ಇಳಿದರೆ ದಪ್ಪ ಹತ್ತನೆಯ ಒಂದು ಪಾಲು ಕಡಿಮೆಯಾದರೂ ಬಿಗುಪು ಶೇಕಡ 27ರಷ್ಟು ಕುಸಿಯುತ್ತದೆ. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ, ಕಡಲ ಉಪ್ಪುಗಾಳಿ ಬೀಸುವ ಕಾಸರಗೋಡಿನಲ್ಲಿ ಇದು ಬರಿಯ ಲೆಕ್ಕದ ಮಾತಲ್ಲ.

ಅಷ್ಟಕ್ಕೂ ಒಂದೇ ದಪ್ಪ ಪಟ್ಟಿಯ ಬದಲು ತೆಳುವಾದ ಹಲವು ಪ್ಲೇಟುಗಳ ಕಟ್ಟು ಏಕೆ? ಅಡಿಕೆಮರದ ಆರು ಸೀಳುಗಳನ್ನು ತೋಡಿನ ಮೇಲೆ ಒಂದರ ಮೇಲೊಂದಿಟ್ಟು ನಡೆದರೆ ಅವು ಒಂದರ ಮೇಲೊಂದು ಜಾರುತ್ತ ಬಾಗುತ್ತವೆ. ಅವನ್ನೇ ಜಾರದಂತೆ ಅಂಟಿಸಿಬಿಟ್ಟರೆ 36 ಪಟ್ಟು ಬಿಗುವಾಗುತ್ತವೆ. ಬಿಡಿಯಾದಾಗ ಆರರ ಬಿಗುಪು ಬರಿದೆ ಕೂಡಿ ಒಂದು ಸೀಳಿನ 6 ಪಟ್ಟಾಗುತ್ತದೆ, ಒಂದಾದಾಗ ಒಟ್ಟು ದಪ್ಪದ ಘನ ಲೆಕ್ಕಕ್ಕೆ ಬಂದು 216 ಪಟ್ಟಾಗುತ್ತದೆ. ಪ್ಲೇಟುಗಳ ಉದ್ದ ಕೆಳಕೆಳಗೆ ಮೊಟಕಾಗುವುದಕ್ಕೂ ಕಾರಣವಿದೆ. ಬಾಗಿಸುವ ಒತ್ತಡ ನಡುವಿನಲ್ಲಿ ಅತ್ಯಧಿಕ, ತುದಿಯಲ್ಲಿ ಶೂನ್ಯ; ಆದ್ದರಿಂದ ನಡುವೆ ಅಗಲವಾಗಿ ತುದಿಗಳತ್ತ ಚೂಪಾಗುವ ಪಟ್ಟಿಯೊಂದನ್ನು ಉದ್ದುದ್ದಕ್ಕೆ ಸೀಳಿ ಪೇರಿಸಿದಂತೆ ಈ ಕಟ್ಟು ಇರುತ್ತದೆ, ಉಕ್ಕು ಎಲ್ಲಿಯೂ ವ್ಯರ್ಥವಾಗುವುದಿಲ್ಲ. ಲಂಡನ್ನಿನ ಒಬಡಯ ಎಲಿಯಟ್ 1804ರಲ್ಲಿ ಕುದುರೆಗಾಡಿಗಳ ದೀರ್ಘವೃತ್ತಾಕಾರದ ಸ್ಪ್ರಿಂಗಿಗೆ ಪೇಟೆಂಟ್ ಪಡೆದನು; ಅಂಬಾಸಡರ್‌ನ ಹಿಂದಿನ ಸ್ಪ್ರಿಂಗ್ ಆ ವಂಶದ್ದೇ, ಅದರ ಅರ್ಧಭಾಗ.

ಪ್ಲೇಟುಗಳ ನಡುವೆ ತುಕ್ಕು ಕಟ್ಟಿ ಜಾರಾಟ ನಿಂತರೆ ಕಟ್ಟು ಗಟ್ಟಿ ಹಲಗೆಯಂತಾಗುತ್ತದೆ. ಕುಲುಕಾಟ ಹೆಚ್ಚಾದ ಆ ಕಾರನ್ನು ‘ಪ್ಲೇಟು ಗಟ್ಟಿಯಿದೆ’ ಎಂದು ಮೆಚ್ಚುವುದನ್ನು ಕಂಡಾಗ ಬೇಸರವಾಗುತ್ತದೆ. ಕಟ್ಟನ್ನು ಬಿಚ್ಚಿ, ತುಕ್ಕು ಉಜ್ಜಿ, ಕಟ್ಟನ್ನು ನಡುವೆ ಹಿಡಿದಿಡುವ ಸೆಂಟರ್ ಬೋಲ್ಟಿನ ತೂತಿನ ಸುತ್ತ ಬಿರುಕು ಹುಡುಕಿ, ಗ್ರಾಫೈಟ್ ಗ್ರೀಸ್ ಹಚ್ಚಿ ಜೋಡಿಸಿದರೆ ಬಹುಪಾಲು ಮೃದುತ್ವ ಮರಳುತ್ತದೆ. ಬಿರುಕು ಬಿಟ್ಟ ಪ್ಲೇಟಿಗೆ ಬೆಸುಗೆ ಎಂದಿಗೂ ಸಲ್ಲದು.

ಕುಳಿತ ಪ್ಲೇಟನ್ನು ಗ್ಯಾಸ್ ಜ್ವಾಲೆಯಲ್ಲಿ ಕೆಂಪಗೆ ಕಾಯಿಸಿ ಬಡಿದು ಬಾಗಿಸುವ ರೂಢಿಯೂ ಇದೆ. ಸ್ಪ್ರಿಂಗ್ ಉಕ್ಕನ್ನು ಸುಮಾರು 850 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಹೆಚ್ಚು ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ 400–500 ಡಿಗ್ರಿಯಲ್ಲಿ ಹದಗೊಳಿಸಿರುತ್ತಾರೆ; ಆ ಹದ ಜ್ವಾಲೆಯಲ್ಲಿ ಅಳಿಸಿಹೋಗುತ್ತದೆ. ಬಿಗುಪು ಹಾಗೆಯೇ ಇದ್ದರೂ ತಾಳಿಕೆ ಹೋಗಿರುತ್ತದೆ, ಪ್ಲೇಟು ಬೇಗನೆ ಮತ್ತೆ ಕುಳಿತುಬಿಡುತ್ತದೆ. ಇಡೀ ಹದವನ್ನು ಮರಳಿ ಕೊಡಬಲ್ಲ ಕುಲುಮೆ ಸಿಗದಿದ್ದರೆ ಹೊಸ ಕಟ್ಟೇ ಮೇಲು. ಹೆಚ್ಚುವರಿ ಪ್ಲೇಟು ತುರುಕಿದರೆ ಕಾರು ಏಳುವುದೇನೋ ನಿಜ. ಆದರೆ ಎರಡು ಬದಿಗಳ ಬಿಗುಪು ಬೇರೆಬೇರೆಯಾಗುತ್ತದೆ, ಹೊಂಡದ ಪೆಟ್ಟು ನೇರವಾಗಿ ಶ್ಯಾಕಲ್ (ಸ್ಪ್ರಿಂಗಿನ ತುದಿಯನ್ನು ಕಾರಿಗೆ ಸೇರಿಸುವ ಕೊಂಡಿ) ಮತ್ತು ಕಾರಿನ ಒಡಲಿಗೆ ತಗಲುತ್ತದೆ. ಅಂಬಾಸಡರ್‌ಗೆ ಪ್ರತ್ಯೇಕ ಚಾಸಿಸ್ (ಅಡಿಚೌಕಟ್ಟು) ಇಲ್ಲ, ಭಾರವನ್ನೆಲ್ಲ ಒಡಲೇ ಹೊರುತ್ತದೆ ಎಂಬುದನ್ನು ಇಲ್ಲಿ ನೆನಪಿಡಬೇಕು.

ಹೊಸ ಕಟ್ಟನ್ನು ಎರಡೂ ಬದಿಗೆ ಒಟ್ಟಿಗೇ ಹಾಕಬೇಕು, ಕಟ್ಟನ್ನು ಆಕ್ಸಲಿಗೆ ಬಿಗಿಯುವ ಯು ಬೋಲ್ಟುಗಳೂ ಹೊಸವಾಗಿರಬೇಕು. ಸ್ಪ್ರಿಂಗಿನ ತುದಿಗಳಲ್ಲಿ ರಬ್ಬರ್ ಬುಶ್ (ರಬ್ಬರಿನ ಕೊಳವೆ) ಇರುವ ಬೋಲ್ಟುಗಳನ್ನು ಕಾರು ಜ್ಯಾಕಿನ ಮೇಲಿರುವಾಗ ಬಿಗಿಯಬಾರದು. ಈ ಬುಶ್ ತಿರುಗುವುದಿಲ್ಲ, ತಿರುಚಿಕೊಳ್ಳುತ್ತದೆ. ಪ್ಲೇಟು ಜೋತಾಡುವಾಗ ಬಿಗಿದರೆ ಚಕ್ರ ನೆಲಕ್ಕಿಳಿದ ಕ್ಷಣದಿಂದಲೇ ರಬ್ಬರ್ ಸದಾ ತಿರುಚಿದ ಸ್ಥಿತಿಯಲ್ಲಿದ್ದು ಬೇಗ ಹರಿಯುತ್ತದೆ. ಕಾರನ್ನು ಇಳಿಸಿ, ಅದರ ಪೂರ್ತಿ ಭಾರ ಚಕ್ರಗಳ ಮೇಲೆ ಬಿದ್ದ ನಂತರವೇ ಕೊನೆಯ ಬಿಗಿತ ಕೊಡಬೇಕು; ಕೆಲವು ನೂರು ಕಿಲೋಮೀಟರ್ ಓಡಿದ ಬಳಿಕ ಯು ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿದು, ಎರಡೂ ಬದಿಯ ಎತ್ತರವನ್ನು ಮತ್ತೆ ಅಳೆಯಬೇಕು.