ಕೈ ನೋವು: ಕಾಯುವುದು ಯಾವುದಕ್ಕೆ, ಓಡುವುದು ಯಾವುದಕ್ಕೆ

ನೋವು ಜಾಸ್ತಿ ಇದ್ದರೆ ತೊಂದರೆ ದೊಡ್ಡದು, ಕಡಿಮೆ ಇದ್ದರೆ ಚಿಕ್ಕದು ಅಂತ ನಾವೆಲ್ಲ ಲೆಕ್ಕ ಹಾಕುತ್ತೇವೆ ಅಲ್ವಾ? ಕೈಯ ವಿಷಯದಲ್ಲಿ ಈ ಲೆಕ್ಕ ಪದೇ ಪದೇ ತಪ್ಪುತ್ತದೆ. ಬೆಂಗಳೂರಿನಲ್ಲಿ ಕೈ ಸರ್ಜರಿ ಮಾಡುವ ನನ್ನ ಹತ್ತಿರ ಅಳುತ್ತಾ ಬಂದವರಲ್ಲಿ ಎಷ್ಟೋ ಜನರಿಗೆ ಒಂದು ಪಟ್ಟಿ ಹಾಕಿ ಮನೆಗೆ ಕಳಿಸಬಹುದು. "ನೋವೇನಿಲ್ಲ ಡಾಕ್ಟ್ರೇ, ಮನೆಯವರು ಬಿಡಲಿಲ್ಲ, ಸುಮ್ನೆ ತೋರಿಸೋಣ ಅಂತ ಬಂದೆ" ಅನ್ನುವವರ ಕೈಯನ್ನೇ ನಾನು ಎರಡು ಸಲ ನೋಡುವುದು.

ಮೊದಲು ಕಾಯಬಹುದಾದವು. ಮಗು ಹುಟ್ಟಿ ಒಂದೆರಡು ತಿಂಗಳಾದ ತಾಯಂದಿರು ಹೆಬ್ಬೆರಳ ಬುಡದಲ್ಲಿ, ಮಣಿಕಟ್ಟಿನ ಪಕ್ಕದಲ್ಲಿ ನೋವು ಅಂತ ಬರುತ್ತಾರೆ. ಮಗುವನ್ನು ಎತ್ತುವಾಗ ಜೀವ ಹೋದ ಹಾಗಾಗುತ್ತದೆ. ಮನೆಯಲ್ಲಿ ಅಜ್ಜಿ ಅದನ್ನು ಬಾಣಂತಿ ವಾಯು ಅಂತ ತೀರ್ಮಾನಿಸಿ, ಮಾರ್ಚ್ ತಿಂಗಳ ಸೆಕೆಯಲ್ಲೂ ಸ್ವೆಟರ್ ಹಾಕಿಸಿರುತ್ತಾರೆ, ಪಾಪ. ಇದು ವಾಯು ಅಲ್ಲ. ಬೆರಳುಗಳೊಳಗೆ ಮಾಂಸಖಂಡವೇ ಇಲ್ಲ, ಮುಂಗೈ ಮತ್ತು ಅಂಗೈಯ ಮಾಂಸಖಂಡಗಳು ಟೆಂಡನ್ ಅನ್ನುವ ಬಿಳಿ ಹುರಿಗಳ ಮೂಲಕ ಬೆರಳನ್ನು ಎಳೆದು ಆಡಿಸುತ್ತವೆ. ಹೆಬ್ಬೆರಳಿನ ಅಂಥ ಎರಡು ಹುರಿಗಳು ಮಣಿಕಟ್ಟಿನ ಹತ್ತಿರ ಒಂದು ಇಕ್ಕಟ್ಟಾದ ಜಾಗದಲ್ಲಿ ಹಾದುಹೋಗುತ್ತವೆ. ಅಲ್ಲಿ ಒಳಗೋಡೆ ದಪ್ಪಗಾಗಿ ಉಜ್ಜುತ್ತದೆ, ಅಷ್ಟೇ. 1895ರಲ್ಲಿ ಇದನ್ನು ವಿವರಿಸಿದ ಸ್ವಿಟ್ಜರ್‌ಲೆಂಡಿನ ಸರ್ಜನ್ ಡಿ ಕ್ವರ್ವೆನ್ ಹೆಸರಿನಲ್ಲೇ ಈ ಕಾಯಿಲೆಯನ್ನು ಇವತ್ತಿಗೂ ಕರೆಯುತ್ತೇವೆ.

ಔಷಧಿಗಿಂತ ಇಲ್ಲಿ ಮುಖ್ಯವಾದದ್ದು ಮಗುವನ್ನು ಎತ್ತುವ ರೀತಿ. ಹೆಬ್ಬೆರಳು ಅಗಲಿಸಿ ಕಂಕುಳಿಗೆ ಕೈ ಹಾಕಿ ಎತ್ತಬೇಡಿ. ಅಂಗೈ ಮೇಲೆ ಮಾಡಿ, ಬೆನ್ನಿನ ಕೆಳಗೆ ಮತ್ತು ಕುಂಡಿಯ ಕೆಳಗೆ ಕೈ ತೂರಿಸಿ ಎತ್ತಿ. ಹೆಬ್ಬೆರಳನ್ನೂ ಸೇರಿಸಿ ಹಿಡಿಯುವ ಪಟ್ಟಿ ಕೆಲವು ವಾರ ಹಾಕಿ. ಹೆಚ್ಚಿನವರಿಗೆ ಇಷ್ಟರಲ್ಲೇ ಇಳಿಯುತ್ತದೆ. ಇಳಿಯದಿದ್ದರೆ ಒಂದು ಸ್ಟೀರಾಯ್ಡ್ ಇಂಜೆಕ್ಷನ್, ಅದಕ್ಕೂ ಬಗ್ಗದಿದ್ದರೆ ಚಿಕ್ಕ ಆಪರೇಷನ್.

ಬೆಳಿಗ್ಗೆ ಎದ್ದಾಗ ಬೆರಳು ಮಡಚಿ ಸಿಕ್ಕಿಕೊಂಡು, ಇನ್ನೊಂದು ಕೈಯಿಂದ ಬಿಡಿಸಿದರೆ ಟಕ್ ಅಂತ ಬಿಚ್ಚಿಕೊಳ್ಳುವುದೂ ಇದೇ ಜಾತಿಯದು, ಟ್ರಿಗರ್ ಫಿಂಗರ್. ಶುಗರ್ ಇರುವವರಲ್ಲಿ ಜಾಸ್ತಿ. ಇಂಜೆಕ್ಷನ್ ತಗೊಂಡರೆ ಕೆಲವು ದಿನ ಶುಗರ್ ಏರುತ್ತದೆ, ಗಾಬರಿ ಬೇಡ, ಚೆಕ್ ಮಾಡಿಕೊಳ್ಳುತ್ತಿರಿ.

ಇನ್ನು ಜೋಮು. ಸಿಲ್ಕ್ ಬೋರ್ಡ್ ದಾಟುವಷ್ಟರಲ್ಲಿ ಸ್ಕೂಟರ್ ಹಿಡಿದ ಬಲಗೈ ಮರಗಟ್ಟುತ್ತದೆ, ರಾತ್ರಿ ಎರಡು ಗಂಟೆಗೆ ಎದ್ದು ಕೈ ಒದರಬೇಕಾಗುತ್ತದೆ ಅಂದರೆ ಅದು ಕಾರ್ಪಲ್ ಟನಲ್ ಇರಬಹುದು. ಮಣಿಕಟ್ಟಿನಲ್ಲಿ ಒಂದು ಕಿರಿದಾದ ದಾರಿಯಿದೆ. ಒಂಬತ್ತು ಟೆಂಡನ್, ಜೊತೆಗೆ ಒಂದು ನರ ಅದರಲ್ಲೇ ನುಸುಳಬೇಕು. ಸಂಜೆಯ ಮೆಜೆಸ್ಟಿಕ್ ಬಸ್ಸಿನ ಹಾಗೆ, ಒಬ್ಬರು ದಪ್ಪಗಾದರೂ ಒತ್ತಡ ಬೀಳುವುದು ಮೆತ್ತಗಿರುವವರ ಮೇಲೆ. ಇಲ್ಲಿ ಮೆತ್ತಗಿರುವುದು ನರ. ಜೋಮು ಬರುವುದು ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು, ಉಂಗುರ ಬೆರಳಿನ ಅರ್ಧಕ್ಕೆ. ಕಿರುಬೆರಳು ಜೋಮು ಹಿಡಿದರೆ ಅದು ಬೇರೆ ನರ, ಸಾಮಾನ್ಯವಾಗಿ ಮೊಣಕೈ ಹತ್ತಿರದ ತೊಂದರೆ.

ಐಟಿಯವರು ಬಂದ ತಕ್ಷಣ ಕೀಬೋರ್ಡನ್ನು ಬೈಯುತ್ತಾರೆ. ಅದರ ಮೇಲಿನ ಆರೋಪ ಅಷ್ಟೇನೂ ಗಟ್ಟಿಯಾಗಿಲ್ಲ. ನಾನು ಮೊದಲು ಕೇಳುವುದು ಶುಗರ್, ಥೈರಾಯ್ಡ್, ತೂಕ, ಬಸುರಿಯಾ ಅಂತ. ಮಣಿಕಟ್ಟನ್ನು ನೇರವಾಗಿ ಹಿಡಿಯುವ ಪಟ್ಟಿಯನ್ನು ರಾತ್ರಿ ಹಾಕಿ ಮಲಗಿದರೆ ಶುರುವಿನ ಹಂತದಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಮೆಡಿಕಲ್ ಶಾಪಿನವರು ಕೊಡುವ "ನರದ ಮಾತ್ರೆ" ಈ ಒತ್ತಡವನ್ನು ತೆಗೆಯುವುದಿಲ್ಲ.

ಒಂದು ಮಾತು ಮಾತ್ರ ಗಮನವಿಟ್ಟು ಓದಿ. ವರ್ಷಗಟ್ಟಲೆ ಕಾಡಿದ ಜೋಮು, ನೋವು ತಾನಾಗಿಯೇ ಕಡಿಮೆಯಾಗಿ, ಅದೇ ಹೊತ್ತಿಗೆ ಅಂಗಿ ಗುಂಡಿ ಹಾಕಲು ಕಷ್ಟವಾಗುತ್ತಿದ್ದರೆ, ಚಿಲ್ಲರೆ ಬೆರಳಿನಿಂದ ಜಾರುತ್ತಿದ್ದರೆ, ಹೆಬ್ಬೆರಳ ಬುಡದ ಉಬ್ಬು ಚಪ್ಪಟೆಯಾಗಿದ್ದರೆ, ಅದು ವಾಸಿಯಾಗಿದ್ದಲ್ಲ. ನರ ಸಾಯುತ್ತಿದೆ. ಆ ಹಂತದಲ್ಲಿ ಆಪರೇಷನ್ ಮಾಡಿದರೂ ಹೋದ ಶಕ್ತಿ ಪೂರ್ತಿ ಬರುವ ಭರವಸೆ ಇಲ್ಲ.

ಈಗ ಚಿಕ್ಕದಾಗಿ ಕಂಡು ದೊಡ್ಡದಾಗುವ ಪೆಟ್ಟುಗಳು. ಭಾನುವಾರದ ಗಲ್ಲಿ ಕ್ರಿಕೆಟ್‌ನಲ್ಲಿ ಬಾಲ್ ಬೆರಳ ತುದಿಗೆ ಬಡಿಯುತ್ತದೆ, ತುದಿ ಜೋತು ಬೀಳುತ್ತದೆ, ಎರಡು ದಿನಕ್ಕೆ ನೋವು ಮಾಯ. ತುದಿಯನ್ನು ಎತ್ತುವ ಟೆಂಡನ್ ಕಿತ್ತು ಹೋಗಿರುತ್ತದೆ. ಬೇಗ ಬಂದರೆ ಸಾಮಾನ್ಯವಾಗಿ ಆಪರೇಷನ್ ಬೇಡ, ತುದಿಯ ಗೆಣ್ಣನ್ನು ಮಾತ್ರ ನೇರವಾಗಿ ಹಿಡಿಯುವ ಚಿಕ್ಕ ಸ್ಪ್ಲಿಂಟ್ ಸಾಕು. ಆದರೆ 6ರಿಂದ 8 ವಾರ, ಹಗಲೂ ರಾತ್ರಿ. ಸ್ನಾನಕ್ಕೆ ತೆಗೆದಾಗ ಒಂದು ಸಲ ಬಗ್ಗಿಸಿದಿರೋ, ಲೆಕ್ಕ ಮತ್ತೆ ಒಂದನೇ ದಿನದಿಂದ. ಹುಡುಗರು ಇದನ್ನು ಕೇಳಿ ನಗುತ್ತಾರೆ, ಮೂರನೇ ವಾರಕ್ಕೆ ತೆಗೆದಿಡುತ್ತಾರೆ.

ಗುಂಡಿಯಲ್ಲಿ ಗಾಡಿ ಸ್ಕಿಡ್ ಆಗಿ ಅಂಗೈ ಊರಿ ಬಿದ್ದವರದು ಇನ್ನೊಂದು ಕಥೆ. ಎಕ್ಸ್‌ರೇ ನಾರ್ಮಲ್ ಅಂತ ರಿಪೋರ್ಟ್ ಬಂದಿರುತ್ತದೆ. ಹೆಬ್ಬೆರಳು ಎತ್ತಿದಾಗ ಅದರ ಬುಡದಲ್ಲಿ ಕಾಣುವ ಗುಳಿಯನ್ನು ಒತ್ತಿ ನೋಡಿ. ಅಲ್ಲಿ ನೋವಿದ್ದರೆ ಸ್ಕೆಫಾಯ್ಡ್ ಅನ್ನುವ ಚಿಕ್ಕ ಮೂಳೆ ಬಿರುಕು ಬಿಟ್ಟಿರಬಹುದು, ಅದು ಮೊದಲ ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ. 10ರಿಂದ 14 ದಿನ ಬಿಟ್ಟು ಮತ್ತೆ ತೆಗೆಸಬೇಕು, ಅಥವಾ ಎಂಆರ್‌ಐ ಮಾಡಿಸಬೇಕು, ಅಲ್ಲಿಯವರೆಗೆ ಮುರಿದಿದೆ ಅಂತಲೇ ಕಟ್ಟಿಡಬೇಕು. ಈ ಮೂಳೆಗೆ ರಕ್ತ ಹೋಗುವುದು ಬಹುಪಾಲು ಬೆರಳ ಕಡೆಯ ತುದಿಯಿಂದ ಹಿಂದಕ್ಕೆ. ಹಾಗಾಗಿ ಮುರಿದರೆ ಹಿಂದಿನ ತುಂಡು ರಕ್ತವಿಲ್ಲದೆ ಒಣಗುವ ಅಪಾಯ.

ಅಡುಗೆಮನೆಯಲ್ಲಿ ಗಾಜಿನ ಲೋಟ ಒಡೆದು ಆಗುವ ಗಾಯ ನೋಡಲು ಅರ್ಧ ಇಂಚು. ಅದರೊಳಗೆ ಟೆಂಡನ್ ಮತ್ತು ನರ ಎರಡೂ ಕತ್ತರಿಸಿರಬಹುದು. ಹೊಲಿಗೆ ಹಾಕಿಸುವ ಮೊದಲು ಪ್ರತಿ ಗೆಣ್ಣೂ ತಾನೇ ಬಗ್ಗುತ್ತದಾ, ಬೆರಳಿನ ಎರಡೂ ಪಕ್ಕ ಮುಟ್ಟಿದ್ದು ಗೊತ್ತಾಗುತ್ತದಾ ಅಂತ ನೋಡಿಕೊಳ್ಳಿ. ಇಲ್ಲ ಅಂದರೆ ಬರೀ ಚರ್ಮದ ಹೊಲಿಗೆ ಸಾಲದು. ಕತ್ತರಿಸಿದ ಟೆಂಡನ್ ಒಳಕ್ಕೆ ಸರಿದು ಹೋಗುತ್ತದೆ, ಮೊದಲ ಕೆಲವು ದಿನಗಳಲ್ಲಿ ಜೋಡಿಸುವುದು ಸುಲಭ, ವಾರಗಳಾದರೆ ಬೇರೆ ಕಡೆಯಿಂದ ಟೆಂಡನ್ ತಂದು ಹಾಕಬೇಕಾಗಬಹುದು. ನರ ಜೋಡಿಸಿದ ಮೇಲೂ ಅದು ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್. ತಾಳ್ಮೆ ಬೇಕು. ಮತ್ತೆ, ದಯವಿಟ್ಟು ಗಾಯಕ್ಕೆ ಕಾಫಿ ಪುಡಿ ಒತ್ತಬೇಡಿ. ಶುದ್ಧ ಬಟ್ಟೆ ಒತ್ತಿ ಹಿಡಿದು ಕೈ ಮೇಲೆತ್ತಿ. ಉಂಗುರ ಇದ್ದರೆ ಊದಿಕೊಳ್ಳುವ ಮೊದಲೇ ತೆಗೆಯಿರಿ.

ಉಗುರುಸುತ್ತಿಗೆ ನಿಂಬೆಹಣ್ಣು ಸಿಕ್ಕಿಸಿಕೊಂಡು ಬರುವವರು ಇನ್ನೂ ಇದ್ದಾರೆ. ಶುರುವಿನಲ್ಲಿ ಬಿಸಿನೀರಲ್ಲಿ ಅದ್ದಿದರೆ ಸಾಕು, ಕೀವು ಕಟ್ಟಿದ ಮೇಲೆ ಅದನ್ನು ಹೊರಗೆ ಬಿಡಲೇಬೇಕು. ನಿಂಬೆಹಣ್ಣು ಪಾನಕಕ್ಕೆ ಇರಲಿ.

ಆಯುಧಪೂಜೆ ಹತ್ತಿರ ಬಂದರೆ ನನಗೆ ಒಂದೇ ಚಿಂತೆ. ಬೈಕಿನ ಎಂಜಿನ್ ಆನ್ ಮಾಡಿ, ಹಿಂದಿನ ಚಕ್ರ ತಿರುಗುತ್ತಿರುವಾಗ ಬಟ್ಟೆ ಹಿಡಿದು ಚೈನ್ ಒರೆಸುತ್ತಾರೆ. ಚೈನ್ ಬಟ್ಟೆಯನ್ನು ಎಳೆಯುತ್ತದೆ, ಬಟ್ಟೆ ಬೆರಳನ್ನು. ಚಕ್ರವನ್ನು ಕೈಯಿಂದ ತಿರುಗಿಸಿ ಒರೆಸಿದರೆ ಹತ್ತು ನಿಮಿಷ ಜಾಸ್ತಿ ಆಗಬಹುದು, ಆಗಲಿ. ಪೀಣ್ಯದ ಪ್ರೆಸ್ ಮೆಷಿನ್ ಇರಲಿ, ಚೈನ್ ಇರಲಿ, ಬೆರಳು ತುಂಡಾದರೆ ತುಂಡನ್ನು ಒದ್ದೆ ಮಾಡಿದ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿಗೆ ಹಾಕಿ ಬಿಗಿಯಾಗಿ ಕಟ್ಟಿ, ಆ ಕವರನ್ನು ಐಸ್ ನೀರಿನಲ್ಲಿಡಿ. ತುಂಡನ್ನು ನೇರವಾಗಿ ಐಸ್ ಮೇಲೆ ಇಟ್ಟರೆ ಅದು ಹೆಪ್ಪುಗಟ್ಟಿ ಹಾಳಾಗುತ್ತದೆ. ಜಜ್ಜಿ ಹೋದದ್ದನ್ನು ಎಷ್ಟೋ ಸಲ ಜೋಡಿಸಲು ಆಗುವುದಿಲ್ಲ, ಆದರೂ ತನ್ನಿ, ಚರ್ಮವಾದರೂ ಉಪಯೋಗಕ್ಕೆ ಬರಬಹುದು. ಹೊರಡುವ ಮೊದಲು ಫೋನ್ ಮಾಡಿ, ಬೆರಳು ಜೋಡಿಸುವ ಮೈಕ್ರೋಸರ್ಜರಿ ಅಲ್ಲಿ ಈಗ ಆಗುತ್ತದಾ ಅಂತ ಕೇಳಿ. ಎಲ್ಲಾ ಆಸ್ಪತ್ರೆಯಲ್ಲೂ ಆಗುವುದಿಲ್ಲ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಈ ಟ್ರಾಫಿಕ್‌ನಲ್ಲಿ ಓಡಾಡುವುದರಲ್ಲೇ ಹೊತ್ತು ಕಳೆಯುತ್ತದೆ.

ಗ್ಯಾರೇಜಿನವರಿಗೆ ಒಂದು ಸಾಲು: ಗ್ರೀಸ್ ಗನ್ ಅಥವಾ ಪೇಂಟ್ ಗನ್ ಬೆರಳಿಗೆ ಚುಚ್ಚಿ ಸೂಜಿ ಮೊನೆಯಷ್ಟು ತೂತಾಗಿದ್ದರೂ, ನೋವಿಲ್ಲದಿದ್ದರೂ, ಆಗಲೇ ಆಸ್ಪತ್ರೆಗೆ ಬನ್ನಿ. ಒತ್ತಡದಲ್ಲಿ ಒಳಹೋದದ್ದು ಬೆರಳಿನುದ್ದಕ್ಕೂ ಹರಡಿರುತ್ತದೆ.

ಕೊನೆಗೆ ಕಟ್ಟು. ಪುತ್ತೂರು ಕಟ್ಟು ಹಾಕಿಸುವವರ ಜೊತೆ ನಾನು ಜಗಳಕ್ಕೆ ಹೋಗುವುದಿಲ್ಲ, ಎಕ್ಸ್‌ರೇ ತೆಗೆಸಿ ಅಂತ ಮಾತ್ರ ಬೇಡಿಕೊಳ್ಳುತ್ತೇನೆ. ಯಾರೇ ಹಾಕಿರಲಿ, ನಾನೇ ಪ್ಲಾಸ್ಟರ್ ಹಾಕಿರಲಿ, ನೋವು ಗಂಟೆಗಂಟೆಗೆ ಏರುತ್ತಿದ್ದರೆ, ಬೆರಳು ತಣ್ಣಗಾಗಿ ನೀಲಿಯಾದರೆ, ಬೆರಳನ್ನು ಬೇರೆಯವರು ನೇರ ಮಾಡಿದಾಗ ತಡೆಯಲಾಗದಿದ್ದರೆ, ಬೆಳಗಾಗುವುದನ್ನು ಕಾಯಬೇಡಿ. ಆಗಲೇ ಬಿಚ್ಚಿಸಿ. ಇಲ್ಲಿ ಮಾತ್ರ ನೋವು ಹೇಳಿದ್ದನ್ನು ಪೂರ್ತಿ ನಂಬಬೇಕು. ಹಾಗೇನೂ ಇಲ್ಲದಿದ್ದರೆ ಮೊದಲ ದಿನದಿಂದಲೇ ಪ್ಲಾಸ್ಟರ್‌ನಿಂದ ಹೊರಗಿರುವ ಬೆರಳುಗಳನ್ನು ಪೂರ್ತಿ ಮಡಚಿ, ಪೂರ್ತಿ ಬಿಚ್ಚಿ, ಗಂಟೆಗೊಮ್ಮೆ, ಟಿವಿ ನೋಡುತ್ತಲೇ ಆದರೂ ಸರಿ.