ತೊಗರಿ ಕಟಗಿಯ ಎಣ್ಣೆ ಡೀಸೆಲ್ ಆಗುವುದಿಲ್ಲವೇಕೆ?

ತೊಗರಿ ರಾಶಿ ಮುಗಿದ ಮೇಲೆ ಕಲಬುರಗಿಯ ಹೊಲಗಳ ಬದುವಿನಲ್ಲಿ ಕಟಗಿ ಉಳಿಯುತ್ತದೆ. ಒಂದಿಷ್ಟು ಒಲೆಗೆ, ಒಂದಿಷ್ಟು ಬೇಲಿಗೆ, ಮಿಕ್ಕದ್ದಕ್ಕೆ ಅಲ್ಲೇ ಬೆಂಕಿ. ಅದೇ ಕಟಗಿಯನ್ನು ಗಾಳಿಯಾಡದಂತೆ ಮುಚ್ಚಿ ಕಾಸಿದರೆ ಉರಿಯುವುದಿಲ್ಲ, ಒಡೆಯುತ್ತದೆ. ಇದ್ದಿಲು ಉಳಿದು, ಹೊಗೆ ತಣಿದು ಕಪ್ಪು ದ್ರವವಾಗುತ್ತದೆ; ಇದೇ ಕಟಗಿಯ ಎಣ್ಣೆ.

ಈ ದ್ರವಕ್ಕೆ ಹಿಂದೆ ಬೇರೆಯೇ ಬೆಲೆಯಿತ್ತು. 1923ರಲ್ಲಿ ಶುರುವಾದ ಭದ್ರಾವತಿಯ ಮೈಸೂರು ಕಬ್ಬಿಣ ಕಾರ್ಖಾನೆ ಕುಲುಮೆಗೆ ಇದ್ದಿಲು ಬಳಸುತ್ತಿತ್ತು; ಅದರ ಕಟ್ಟಿಗೆ ಭಟ್ಟಿ ಘಟಕದಲ್ಲಿ ಕ್ಯಾಲ್ಸಿಯಂ ಅಸಿಟೇಟ್ (ಅಸಿಟಿಕ್ ಆಮ್ಲ ಸುಣ್ಣದೊಡನೆ ಕೂಡಿದ ಲವಣ), ಮೆಥನಾಲ್ ಎಂಬ ಆಲ್ಕೋಹಾಲ್, ಡಾಂಬರು ಸಿಗುತ್ತಿದ್ದವು. ಅದೇ ವರ್ಷ ಜರ್ಮನಿಯ ರಾಸಾಯನಿಕ ಕಂಪನಿ ಬಿಎಎಸ್‌ಎಫ್ ಕಲ್ಲಿದ್ದಲ ಅನಿಲದಿಂದ ಮೆಥನಾಲ್ ಮಾಡತೊಡಗಿತು. ಕಟ್ಟಿಗೆಯ ಮೆಥನಾಲ್‌ಗೆ ಕ್ರಮೇಣ ಗಿರಾಕಿ ಇಲ್ಲವಾಯಿತು.

1973ರ ತೈಲ ಬಿಕ್ಕಟ್ಟು ಪ್ರಶ್ನೆಯನ್ನೇ ಬದಲಿಸಿತು: ಇದ್ದಿಲಲ್ಲ, ದ್ರವವೇ ಹೆಚ್ಚು ಬೇಕು. 1980ರ ದಶಕದಲ್ಲಿ ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದಲ್ಲಿ ಬಿಸಿ ಮರಳಿನ ಹಾಸಿನಲ್ಲಿ ಕಟ್ಟಿಗೆಯ ಪುಡಿಯನ್ನು ಥಟ್ಟನೆ ಕಾಸುವ ವಿಧಾನ ಪಳಗಿತು. ಸುಮಾರು 500 ಡಿಗ್ರಿ ಸೆಲ್ಸಿಯಸ್, ಆವಿ ಒಳಗಿರಬೇಕಾದದ್ದು 2 ಸೆಕೆಂಡಿಗೂ ಕಡಿಮೆ. ಒಣ ಕಟ್ಟಿಗೆಯ ತೂಕದ 75%ವರೆಗೆ ದ್ರವ ಬರುತ್ತದೆ. ನಿಧಾನ ಕಾಸಿದರೆ ಸುಮಾರು 30%.

ಈ ದ್ರವದಲ್ಲಿ ಏನಿದೆ ಎಂಬುದು ಕಟಗಿಯ ಮೂರು ಅಂಶಗಳನ್ನು ಅವಲಂಬಿಸಿದೆ: ನಾರಾದ ಸೆಲ್ಯುಲೋಸ್, ಅದನ್ನು ಸುತ್ತಿದ ಹೆಮಿಸೆಲ್ಯುಲೋಸ್, ಅವನ್ನು ಅಂಟಿಸಿ ಹಿಡಿದ ಲಿಗ್ನಿನ್. ಹೆಮಿಸೆಲ್ಯುಲೋಸ್ 220ರಿಂದ 315 ಡಿಗ್ರಿಯಲ್ಲೇ ಒಡೆದು ಅಸಿಟಿಕ್ ಆಮ್ಲ, ಫರ್ಫುರಲ್ ಎಂಬ ಆಲ್ಡಿಹೈಡ್ ಕೊಡುತ್ತದೆ. ಸೆಲ್ಯುಲೋಸ್ 400ರೊಳಗೆ ಒಡೆದು ಲೆವೊಗ್ಲುಕೋಸಾನ್ ಎಂಬ ಸಕ್ಕರೆಯಾಗುತ್ತದೆ. ಲಿಗ್ನಿನ್ ಹಟಮಾರಿ, ಉದ್ದಕ್ಕೂ ನಿಧಾನವಾಗಿ ಒಡೆದು ಫೀನಾಲ್‌ಗಳನ್ನು ಬಿಟ್ಟು, ಮೂರರಲ್ಲಿ ಹೆಚ್ಚು ಇದ್ದಿಲನ್ನು ಉಳಿಸುತ್ತದೆ. ಎಲೆ, ಮಣ್ಣು ಬೆರೆತರೆ ಕೆಲಸ ಕೆಡುತ್ತದೆ: ಬೂದಿಯ ಪೊಟ್ಯಾಸಿಯಂ ಸೆಲ್ಯುಲೋಸನ್ನು ಬೇರೆ ದಾರಿಗೆ ತಿರುಗಿಸಿ, ಸಕ್ಕರೆ ತಗ್ಗಿಸಿ, ಇದ್ದಿಲು ಮತ್ತು ನೀರನ್ನು ಹೆಚ್ಚಿಸುತ್ತದೆ. ಆದ್ದರಿಂದ ಎಲೆ ಉದುರಿಸಿ, 10%ಗಿಂತ ಕಡಿಮೆ ತೇವಕ್ಕೆ ಒಣಗಿಸಿ, 2 ಮಿ.ಮೀ.ಗೆ ಪುಡಿ ಮಾಡಬೇಕು.

ಇಷ್ಟಾದರೂ ಅದು ಡೀಸೆಲ್ ಅಲ್ಲ. ತೂಕದಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಆಮ್ಲಜನಕ, 15ರಿಂದ 30% ನೀರು, ಹುಳಿಯ ಅಳತೆಯಾದ ಪಿಎಚ್ 2ರಿಂದ 3, ಅಂದರೆ ಗಟ್ಟಿ ಹುಳಿ. ಕಿಲೋಗೆ ಶಾಖ 16–19 ಮೆಗಾಜೂಲ್; ಡೀಸೆಲ್‌ನದು ಸುಮಾರು 43. ಸಾದಾ ಕಬ್ಬಿಣದ ಡ್ರಮ್ಮನ್ನು ಅದು ತಿನ್ನುತ್ತದೆ; ಸ್ಟೇನ್‌ಲೆಸ್ ಅಥವಾ ಗಟ್ಟಿ ಪ್ಲಾಸ್ಟಿಕ್ ಬೇಕು. ಭಟ್ಟಿ ಇಳಿಸಲು ಹೋದರೆ ಅರ್ಧದವರೆಗೂ ತಳದಲ್ಲಿ ಗಟ್ಟಿಯಾಗಿ ಉಳಿಯುತ್ತದೆ. ಇಟ್ಟಲ್ಲೇ ಆಲ್ಡಿಹೈಡ್, ಫೀನಾಲ್ ಕೂಡಿಕೊಂಡು ದಪ್ಪವಾಗುತ್ತದೆ. ಸ್ವಲ್ಪ ಮೆಥನಾಲ್ ಬೆರೆಸಿದರೆ ಆ ವೇಗ ತಗ್ಗುತ್ತದೆ. ಟ್ರ್ಯಾಕ್ಟರಿಗೆ ಇದನ್ನು ನೇರ ಹಾಕುವ ಆಸೆ ಬಿಡಲೇಬೇಕು.

ಆಮ್ಲಜನಕ ತೆಗೆಯಲು ಹೈಡ್ರೋಜನ್, ಒತ್ತಡ, ಕ್ರಿಯೆಯನ್ನು ಚುರುಕುಗೊಳಿಸುವ ವೇಗವರ್ಧಕ ಬೇಕು. ಇದು ರಿಫೈನರಿಯ ಕೆಲಸ, ಹೊಲದ ಬದುವಿನದಲ್ಲ. ವೇಗವರ್ಧಕದ ಮೇಲೆ ಇಂಗಾಲದ ಕರಿ ಕಟ್ಟಿ ಅದು ಬೇಗ ಸಾಯುವುದೇ ಇಲ್ಲಿನ ದೊಡ್ಡ ತೊಡಕು. ಅದಕ್ಕೇ ಈಗ ಮೊದಲೇ ಬೇರ್ಪಡಿಸುವ ದಾರಿ ಹಿಡಿದಿದ್ದಾರೆ: ಆವಿಯನ್ನು ಹಂತಹಂತವಾಗಿ ತಣಿಸಿ, ಬಿಸಿ ತುದಿಯಲ್ಲಿ ಸಕ್ಕರೆ ಮತ್ತು ಫೀನಾಲ್, ತಂಪು ತುದಿಯಲ್ಲಿ ಆಮ್ಲದ ನೀರು. ಇಂಧನಕ್ಕೆ ಕಲ್ಮಶವಾದ ಆ ಅಸಿಟಿಕ್ ಆಮ್ಲವನ್ನೇ ಭದ್ರಾವತಿಯವರು ಸುಣ್ಣಕ್ಕೆ ಹಿಡಿಸಿ ಮಾರುತ್ತಿದ್ದದ್ದು.